ರೆಕ್ಕೆ ತಿರುಚಿದ ಅಣ್ಣತಮ್ಮ

ಮಕ್ಕಳೇ, ಈ ವಾರದ ಮಾತು ಶುರುವಾಗುವ ಮೊದಲು ಒಂದು ಸಣ್ಣ ಕೆಲಸ ಮಾಡಿ. ಟೂತ್‌ಪೇಸ್ಟ್ ಬಂದಿದ್ದ ರಟ್ಟಿನ ಡಬ್ಬಿ ಮನೆಯಲ್ಲಿದ್ದರೆ ಹುಡುಕಿ ತನ್ನಿ. ಇಲ್ಲದಿದ್ದರೆ ದೇವರ ಮನೆಯಲ್ಲಿ ಊದುಬತ್ತಿಯ ಉದ್ದನೆಯ ಡಬ್ಬಿ ಇದ್ದೇ ಇರುತ್ತದೆ. ಅಜ್ಜಿಯನ್ನು ಕೇಳಿ, ಬತ್ತಿಗಳನ್ನು ಬೇರೆ ಕಡೆ ಇಟ್ಟು ತೆಗೆದುಕೊಳ್ಳಿ. ಎರಡೂ ತುದಿಯ ಮುಚ್ಚಳಗಳನ್ನು ಕತ್ತರಿಸಿ ಹಾಕಿ. ಈಗ ಈ ಕಡೆಯಿಂದ ನೋಡಿದರೆ ಆ ಕಡೆ ಕಾಣುತ್ತದೆ, ಅಲ್ಲವೇ?

ಡಬ್ಬಿಯನ್ನು ಅಡ್ಡಲಾಗಿ ಹಿಡಿದುಕೊಳ್ಳಿ. ಎಡಗೈಯಲ್ಲಿ ಎಡತುದಿಯನ್ನು ಹೀಗೆ ಹಿಡಿಯಬೇಕು: ತೋರುಬೆರಳು ಮೇಲಿನ ಆಚೆ ಮೂಲೆಯ ಮೇಲೆ, ಹೆಬ್ಬೆರಳು ಕೆಳಗಿನ ಈಚೆ ಮೂಲೆಯ ಮೇಲೆ. ಬಲತುದಿಯಲ್ಲಿ ತಿರುಗುಮುರುಗು. ಹೆಬ್ಬೆರಳು ಮೇಲಿನ ಈಚೆ ಮೂಲೆಗೆ, ತೋರುಬೆರಳು ಕೆಳಗಿನ ಆಚೆ ಮೂಲೆಗೆ. ಈಗ ಎರಡೂ ಕೈಯಿಂದ ಮೆಲ್ಲಗೆ ಅದುಮಿ. ಡಬ್ಬಿ ಮುರಿಯಲಿಲ್ಲ, ಮಡಚಿಕೊಳ್ಳಲೂ ಇಲ್ಲ. ಆದರೆ ಎಡತುದಿಯಲ್ಲಿ ಆಚೆ ಅಂಚು ತಗ್ಗಿತು, ಬಲತುದಿಯಲ್ಲಿ ಆಚೆ ಅಂಚು ಮೇಲೆದ್ದಿತು. ಮೇಲಿನ ರಟ್ಟೂ ಕೆಳಗಿನ ರಟ್ಟೂ ಒಟ್ಟಿಗೆ, ಒಂದೇ ಬಗೆಯಲ್ಲಿ ತಿರುಚಿಕೊಂಡವು.

ಮೇಲಿನ ರಟ್ಟು ಒಂದು ರೆಕ್ಕೆ, ಕೆಳಗಿನ ರಟ್ಟು ಇನ್ನೊಂದು ರೆಕ್ಕೆ ಎಂದುಕೊಳ್ಳಿ. ಒಂದರ ಮೇಲೊಂದು ರೆಕ್ಕೆ ಇರುವ ವಿಮಾನಕ್ಕೆ ಬೈಪ್ಲೇನ್ ಎನ್ನುತ್ತಾರೆ. 1899ರ ಜುಲೈ ತಿಂಗಳಲ್ಲಿ ಅಮೆರಿಕದ ಡೇಟನ್ ಎಂಬ ಊರಿನ ಒಂದು ಸೈಕಲ್ ಅಂಗಡಿಯಲ್ಲಿ ವಿಲ್ಬರ್ ರೈಟ್ ಮಾಡಿದ್ದು ಇದನ್ನೇ. ಗಿರಾಕಿಯೊಬ್ಬರು ಟೈರಿನೊಳಗಿನ ಟ್ಯೂಬ್ ಕೊಳ್ಳಲು ಬಂದಿದ್ದರು. ಟ್ಯೂಬು ತೆಗೆದುಕೊಟ್ಟು, ಖಾಲಿ ಡಬ್ಬಿಯನ್ನು ಕೈಯಲ್ಲೇ ಇಟ್ಟುಕೊಂಡು ಮಾತಾಡುತ್ತಾ ವಿಲ್ಬರ್ ಅದನ್ನು ಸುಮ್ಮನೆ ತಿರುಚಿದರು. ಆಮೇಲೆ ಗಮನ ಕೊಟ್ಟು ತಿರುಚಿದರು. ವಿಮಾನದ ಚರಿತ್ರೆಯಲ್ಲಿ ಎಂಜಿನ್ನಿಗಿಂತ ಈ ಡಬ್ಬಿ ದೊಡ್ಡದು ಎಂದು ನನ್ನ ಅಭಿಪ್ರಾಯ. ಏಕೆ ಎಂದು ಹೇಳುತ್ತೇನೆ.

ಆ ಕಾಲದಲ್ಲಿ ಹಾರಬೇಕೆಂದು ಹೊರಟವರು ಬಹಳ ಜನ. ಹೆಚ್ಚಿನವರ ಚಿಂತೆ ಒಂದೇ: ಹಗುರವಾದ, ಬಲವಾದ ಎಂಜಿನ್ ಬೇಕು. ಮೇಲೆ ಹೋದ ಮೇಲೆ ಏನು ಮಾಡುವುದು? ಅದನ್ನು ಆಮೇಲೆ ನೋಡಿಕೊಳ್ಳೋಣ ಎಂಬ ಧೋರಣೆ. ಜರ್ಮನಿಯ ಆಟೊ ಲಿಲಿಯೆಂಥಾಲ್ ಮಾತ್ರ ಎಂಜಿನ್ ಇಲ್ಲದೆ, ಬೆತ್ತ ಬಟ್ಟೆಯ ರೆಕ್ಕೆ ಕಟ್ಟಿಕೊಂಡು ಗುಡ್ಡದಿಂದ ತೇಲಿ ತೇಲಿ ಹಾರಿದರು. ಗಾಳಿ ಒಂದು ಕಡೆ ಎತ್ತಿದರೆ ಅವರು ಕಾಲುಗಳನ್ನು ಆ ಕಡೆಗೆ ಬೀಸಿ ಮೈಭಾರ ಹಾಕುತ್ತಿದ್ದರು. ಅಷ್ಟೇ ಅವರ ಹತೋಟಿ. 1896ರ ಆಗಸ್ಟಿನಲ್ಲಿ ಒಂದು ಬಿರುಗಾಳಿಯ ಹೊಡೆತಕ್ಕೆ ಅದು ಸಾಲಲಿಲ್ಲ. ಬಿದ್ದು ಬೆನ್ನುಮೂಳೆ ಮುರಿದು ಮರುದಿನ ತೀರಿಕೊಂಡರು. ಆ ಸುದ್ದಿ ಓದಿಯೇ ರೈಟ್ ಸಹೋದರರು ಈ ವಿಷಯದ ಬೆನ್ನು ಹತ್ತಿದ್ದು. ವಿಲ್ಬರ್ ಅಣ್ಣ, ಆರ್ವಿಲ್ ತಮ್ಮ. ನಾಲ್ಕು ವರ್ಷದ ಅಂತರ.

ಇಬ್ಬರೂ ಸೈಕಲ್ ರಿಪೇರಿ ಮಾಡುವವರು, ಸೈಕಲ್ ತಯಾರಿಸುವವರು. ಅದು ಇಲ್ಲಿ ಲೆಕ್ಕಕ್ಕೆ ಬಂತು. ನಮ್ಮ ತುರುವೇಕೆರೆ ರಸ್ತೆಯಲ್ಲಿ ಹಿಂದುಗಡೆ ಎರಡೂ ಪಕ್ಕ ತೆಂಗಿನಕಾಯಿ ಚೀಲ ಇಳಿಬಿಟ್ಟುಕೊಂಡು ಸೈಕಲ್ ತುಳಿಯುವವರನ್ನು ಹಿರಿಯರು ನೋಡಿಯೇ ಇರುತ್ತೀರಿ. ಅವರು ತಿರುವಿನಲ್ಲಿ ಬರೀ ಹ್ಯಾಂಡಲ್ ತಿರುಗಿಸುವುದಿಲ್ಲ. ಮೈಯನ್ನೂ ಸೈಕಲ್ಲನ್ನೂ ಒಟ್ಟಿಗೆ ಒಳಕ್ಕೆ ವಾಲಿಸುತ್ತಾರೆ. ವಾಲಿಸದೆ ಹ್ಯಾಂಡಲ್ ಮಾತ್ರ ತಿರುಗಿಸಿದರೆ ಕಾಯಿ ಒಂದು ಕಡೆ, ಸವಾರ ಒಂದು ಕಡೆ. ಸೈಕಲ್ ಎಂಬುದು ತಾನಾಗಿ ನಿಲ್ಲುವ ವಸ್ತುವಲ್ಲ. ಸವಾರ ಕ್ಷಣಕ್ಷಣಕ್ಕೂ ಅದನ್ನು ಸರಿದೂಗಿಸುತ್ತಿರಬೇಕು. ವಿಮಾನವೂ ಹಾಗೆಯೇ ಇರಬೇಕು ಎಂದು ಈ ಅಣ್ಣತಮ್ಮಂದಿರಿಗೆ ಹೊಳೆಯಿತು. ಎಡಕ್ಕೂ ಬಲಕ್ಕೂ ವಾಲುವುದನ್ನು ಸವಾರನ ಕೈಗೆ ಕೊಡಬೇಕು. ಹೇಗೆ?

ಹಕ್ಕಿಯನ್ನು ನೋಡಿದರು. ನೀವೂ ನೋಡಬಹುದು. ಬಿಸಿಲೇರಿದ ಮೇಲೆ ತೋಟದ ಮೇಲೆ ಗರುಡ, ಹದ್ದು ಸುತ್ತು ಹಾಕುತ್ತವೆ. ರೆಕ್ಕೆ ಬಡಿಯುವುದು ಕಡಿಮೆ. ಆದರೆ ರೆಕ್ಕೆಯ ತುದಿಗಳನ್ನೇ ದಿಟ್ಟಿಸಿದರೆ ಒಂದು ತುದಿಯ ಮುಂಚು ತುಸು ಏಳುತ್ತದೆ, ಇನ್ನೊಂದು ತುದಿಯದು ತುಸು ತಗ್ಗುತ್ತದೆ, ಹಕ್ಕಿ ವಾಲಿಕೊಂಡು ತಿರುಗುತ್ತದೆ. ಮುಂಚು ಎದ್ದ ರೆಕ್ಕೆಗೆ ಗಾಳಿ ಹೆಚ್ಚು ಓರೆಯಾಗಿ ಬಡಿದು ಅದನ್ನು ಮೇಲೆತ್ತುತ್ತದೆ, ಇನ್ನೊಂದು ಇಳಿಯುತ್ತದೆ. ತೆಂಗಿನಗರಿಯ ಗಿರಗಿಟ್ಲೆ ಮಾಡಿದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗರಿಯನ್ನು ಚಪ್ಪಟೆಯಾಗಿಯೇ ಬಿಟ್ಟರೆ ಅದು ತಿರುಗುವುದಿಲ್ಲ. ಒಂದು ಕಡೆಗೆ ಒಂದು ಓರೆ, ಇನ್ನೊಂದು ಕಡೆಗೆ ಎದುರು ಓರೆ ಕೊಟ್ಟರೆ ಮಾತ್ರ ಗಿರ್ರನೆ ತಿರುಗುತ್ತದೆ.

ಆದರೆ ಹಕ್ಕಿಗೆ ಮೂಳೆ, ಮಾಂಸ, ಕೀಲು ಇವೆ. ಮರ ಬಟ್ಟೆಯ ರೆಕ್ಕೆಗೆ ಕೀಲು ಇಟ್ಟರೆ ಅದು ಕಿತ್ತುಕೊಂಡು ಬೀಳುತ್ತದೆ. ಗಟ್ಟಿಯೂ ಇರಬೇಕು, ಬಳುಕಲೂ ಬೇಕು. ಈ ತೊಡಕಿಗೆ ಉತ್ತರ ಸಿಕ್ಕಿದ್ದು ಡಬ್ಬಿಯಲ್ಲಿ. ಅದು ಉದ್ದಕ್ಕೆ ಬಾಗುವುದಿಲ್ಲ, ಆದರೆ ತಿರುಚಿಕೊಳ್ಳುತ್ತದೆ.

ತಿಂಗಳು ಕಳೆಯುವುದರೊಳಗೆ ಐದು ಅಡಿ ಅಗಲದ ಗಾಳಿಪಟ ಸಿದ್ಧವಾಯಿತು. ನಮ್ಮ ಆಷಾಢದ ಪಟದ ಹಾಗೆ ಒಂದೇ ಹಾಳೆಯದಲ್ಲ. ಎರಡಂತಸ್ತು, ಡಬ್ಬಿಯ ಹಾಗೆ. ನಾವು ಪಟಕ್ಕೆ ಸೂತ್ರ ಕಟ್ಟಿ ಒಂದೇ ದಾರ ಬಿಡುತ್ತೇವೆ. ವಿಲ್ಬರ್ ನಾಲ್ಕು ದಾರ ಬಿಟ್ಟರು. ಎರಡು ಕೋಲು, ಕೈಗೊಂದು. ಕೋಲಿನ ಎರಡು ತುದಿಗೆ ಎರಡು ದಾರ. ಎರಡೂ ಕೋಲನ್ನು ಎದುರುಬದುರು ವಾಲಿಸಿದರೆ ಮೇಲೆ ಪಟದ ರೆಕ್ಕೆ ತಿರುಚಿಕೊಂಡು ಎಡಕ್ಕೋ ಬಲಕ್ಕೋ ವಾಲುತ್ತಿತ್ತು, ಮತ್ತೆ ನೇರವಾಗುತ್ತಿತ್ತು. ಊರ ಹುಡುಗರು ಒಂದಿಷ್ಟು ಜನ ನೋಡಲು ನೆರೆದಿದ್ದರು. ಒಮ್ಮೆ ದಾರ ಸಡಿಲಾಗಿ ಪಟ ಗೋತಾ ಹೊಡೆದು ಅವರ ಕಡೆಗೇ ನುಗ್ಗಿತು. ಓಡಲು ಸಮಯವಿಲ್ಲದೆ ಹುಡುಗರೆಲ್ಲ ಮಕಾಡೆ ಮಲಗಿಬಿಟ್ಟರು! ಪಟ ಹಾರಿಸುವವರು ಯಾರೇ ಇರಲಿ, ಯಾವ ದೇಶವೇ ಇರಲಿ, ನೋಡಲು ಹುಡುಗರು ಬಂದೇ ಬರುತ್ತಾರೆ.

ಪಟದಿಂದ ಮನುಷ್ಯರನ್ನು ಹೊರುವ ಗ್ಲೈಡರ್‌ಗೆ ಬಂದರು. ಗ್ಲೈಡರ್ ಎಂದರೆ ಎಂಜಿನ್ ಇಲ್ಲದೆ ತೇಲುವ ವಿಮಾನ. ಎರಡು ರೆಕ್ಕೆಯ ನಡುವೆ ಮರದ ಕಂಬಗಳು, ಕಂಬಗಳ ನಡುವೆ ಓರೆಯಾಗಿ ಬಿಗಿದ ತಂತಿ. ರೈಲು ಸೇತುವೆಯ ಕಬ್ಬಿಣದ ಚೌಕಟ್ಟು ನೋಡಿದ್ದೀರಲ್ಲ, ಅದೇ ಕ್ರಮ. ಆದರೆ ಇಲ್ಲೊಂದು ಜಾಣತನವಿದೆ. ಎಡದಿಂದ ಬಲಕ್ಕೆ ಓರೆತಂತಿಗಳನ್ನು ಬಿಗಿಯಾಗಿ ಕಟ್ಟಿದರು. ಮುಂದಿನಿಂದ ಹಿಂದಕ್ಕೆ ಕಟ್ಟಬೇಕಾದ ಓರೆತಂತಿಗಳನ್ನು ಬೇಕೆಂದೇ ಕೈಬಿಟ್ಟರು. ಹಳೆಯ ಮಂಚದ ಅಡ್ಡಪಟ್ಟಿ ಒಂದು ಕಡೆ ಕಳಚಿದರೆ ಅದು ಆ ದಿಕ್ಕಿಗೆ ಮಾತ್ರ ಓಲಾಡುತ್ತದೆ, ಇನ್ನೊಂದು ದಿಕ್ಕಿಗೆ ಗಟ್ಟಿಯಾಗಿಯೇ ಇರುತ್ತದೆ. ಎಲ್ಲರೂ ದೋಷ ಎನ್ನುವ ಆ ಓಲಾಟವನ್ನು ಇವರು ಕೆಲಸಕ್ಕೆ ಹಚ್ಚಿದರು.

1901ರ ಗ್ಲೈಡರ್ ಅವರನ್ನು ನಿರಾಶೆಗೊಳಿಸಿತು. ಲೆಕ್ಕದ ಪ್ರಕಾರ ಎಷ್ಟು ಎತ್ತಬೇಕಿತ್ತೋ ಅದರ ಮೂರನೆಯ ಒಂದು ಪಾಲು ಮಾತ್ರ ಎತ್ತಿತು. ಬ್ಯಾಂಕಿನಲ್ಲಿ ನಲವತ್ತು ವರ್ಷಕ್ಕೆ ಹತ್ತಿರ ಲೆಡ್ಜರ್ ಬರೆದ ನನಗೆ ಈ ಭಾಗ ಬಹಳ ಇಷ್ಟ. ಸಂಜೆ ಡೇ ಬುಕ್ ಟ್ಯಾಲಿ ಆಗಲಿಲ್ಲ ಎಂದರೆ ಯಾರೂ ಮನೆಗೆ ಹೋಗುವಂತಿರಲಿಲ್ಲ. ಇವತ್ತಿನ ನಮೂದುಗಳೆಲ್ಲ ಸರಿಯಿದ್ದರೆ ಹಿಂದಿನಿಂದ ತಂದ ಬಾಕಿಯನ್ನೇ ಅನುಮಾನಿಸಬೇಕು. ಅವರು ಅದನ್ನೇ ಮಾಡಿದರು. ಗಾಳಿಯ ಒತ್ತಡದ ಲೆಕ್ಕಕ್ಕೆ ನೂರು ವರ್ಷಕ್ಕೂ ಹೆಚ್ಚು ಕಾಲ ಎಲ್ಲರೂ ಬಳಸುತ್ತಿದ್ದ ಅಂಕಿ 0.005. ಅದು ಹೆಚ್ಚಾಯಿತು, 0.0033ರ ಹತ್ತಿರ ಇರಬೇಕು ಎಂದು ಅವರಿಗೆ ಗೊತ್ತಾಯಿತು. ಆರು ಅಡಿ ಉದ್ದದ ಮರದ ಪೆಟ್ಟಿಗೆಗೆ ಫ್ಯಾನ್ ಇಟ್ಟು ಗಾಳಿ ಹಾಯಿಸಿ, ಹಳೆಯ ಗರಗಸದ ಬ್ಲೇಡು, ಸೈಕಲ್ ಕಡ್ಡಿಗಳಿಂದ ತಕ್ಕಡಿ ಮಾಡಿ, ಸುಮಾರು ಇನ್ನೂರು ಪುಟಾಣಿ ರೆಕ್ಕೆಗಳನ್ನು ತೂಗಿ ನೋಡಿ ಹೊಸ ಕೋಷ್ಟಕಗಳನ್ನು ಬರೆದುಕೊಂಡರು.

1902ರ ಗ್ಲೈಡರ್ ಚೆನ್ನಾಗಿ ಹಾರಿತು. ಸಾಗರತೀರದ ಕಿಟಿ ಹಾಕ್ ಎಂಬ ಹಳ್ಳಿಯ ಹತ್ತಿರ, ಮರಳುಗುಡ್ಡದ ಮೇಲೆ ನೂರಾರು ಸಲ ತೇಲಿದರು. ಸವಾರ ಕೆಳಗಿನ ರೆಕ್ಕೆಯ ಮೇಲೆ ಬೋರಲು ಮಲಗಬೇಕು. ಸೊಂಟದ ಕೆಳಗೆ ಒಂದು ಮರದ ತೊಟ್ಟಿಲು. ಎಡಕ್ಕೆ ವಾಲಬೇಕೆಂದರೆ ಸೊಂಟವನ್ನು ಎಡಕ್ಕೆ ಸರಿಸಬೇಕು. ತೊಟ್ಟಿಲಿಗೆ ಕಟ್ಟಿದ ತಂತಿ ರೆಕ್ಕೆಗಳ ತುದಿಯನ್ನು ತಿರುಚುತ್ತಿತ್ತು. ಎಂಥ ಸೊಗಸು ನೋಡಿ. ಸೈಕಲ್ ಮೇಲೆ ನಾವು ಮಾಡುವುದೂ ಇದೇ.

ಆದರೂ ಒಂದು ಕಾಟ ಉಳಿದಿತ್ತು. ಕೆಲವೊಮ್ಮೆ ಎಡಕ್ಕೆ ವಾಲಿಸಿದರೆ ಮೂತಿ ಬಲಕ್ಕೆ ಹೋಗುತ್ತಿತ್ತು. ಕಾರಣ ಇಷ್ಟೇ: ಹೆಚ್ಚು ಎತ್ತುವ ರೆಕ್ಕೆಗೆ ಗಾಳಿಯ ತಡೆಯೂ ಹೆಚ್ಚು. ಜೋಡೆತ್ತಿನ ಗಾಡಿಯಲ್ಲಿ ಬಲಗಡೆ ಎತ್ತು ಹಿಂದೆ ಬಿದ್ದರೆ ಗಾಡಿ ಬಲಕ್ಕೆ ಎಳೆಯುವುದಿಲ್ಲವೇ, ಹಾಗೆ. ಇದನ್ನು ತಡೆಯಲು ಹಿಂದೆ ನೆಟ್ಟಗೆ ನಿಂತ ಬಾಲ ಕೂಡಿಸಿದರು. ಹೆಚ್ಚಿನ ಸಲ ಸರಿಹೋಯಿತು. ಕೆಲವು ಸಲ ಮಾತ್ರ ಇನ್ನೂ ಕೆಟ್ಟಿತು: ಗ್ಲೈಡರ್ ವಾಲಿದ ಕಡೆಗೇ ಜಾರಿ, ತಗ್ಗಿದ ರೆಕ್ಕೆಯ ಸುತ್ತ ಗಿರಕಿ ಹೊಡೆದು ಮರಳಿಗೆ ನಾಟಿಕೊಳ್ಳುತ್ತಿತ್ತು. ಇದಕ್ಕೆ ಅವರಿಟ್ಟ ಹೆಸರು ‘ಬಾವಿ ತೋಡುವುದು’! ಬೋರಲು ಮಲಗಿದ ಮನುಷ್ಯನ ಮುಖ ಮೊದಲು ನೆಲಕ್ಕೆ ತಾಗುವ ವಾಹನದಲ್ಲಿ ಇಂಥ ತಮಾಷೆ ಮಾಡಲು ಧೈರ್ಯ ಬೇಕು. ಲಿಲಿಯೆಂಥಾಲ್ ಸತ್ತದ್ದು ಅವರಿಗೆ ಮರೆತಿರಲಿಲ್ಲ.

ಆ ಅಕ್ಟೋಬರಿನ ಒಂದು ರಾತ್ರಿ ಆರ್ವಿಲ್ ಕಾಫಿ ಸ್ವಲ್ಪ ಹೆಚ್ಚಾಗಿ ಕುಡಿದುಬಿಟ್ಟರು. ನಿದ್ದೆ ಹತ್ತಲಿಲ್ಲ. ಮಲಗಿದಲ್ಲೇ ಯೋಚಿಸುತ್ತಾ, ಬಾಲವನ್ನು ಸ್ಥಿರವಾಗಿ ಇಡುವ ಬದಲು ದೋಣಿಯ ಚುಕ್ಕಾಣಿಯಂತೆ ತಿರುಗುವ ಹಾಗೆ ಮಾಡಿದರೆ ಹೇಗೆ ಎಂದು ಹೊಳೆಯಿತು. ಬೆಳಿಗ್ಗೆ ತಿಂಡಿಯ ಹೊತ್ತಿಗೆ ಹೇಳಿದರು. ಹೇಳುವ ಮುಂಚೆ ಇನ್ನೊಬ್ಬ ಅಣ್ಣ ಲಾರಿನ್‌ಗೆ ಕಣ್ಣು ಮಿಟುಕಿಸಿದ್ದರಂತೆ: ನೋಡು, ವಿಲ್ಬರ್ ಈಗ ತಕರಾರು ತೆಗೆಯುತ್ತಾನೆ ಎಂದು. ವಿಲ್ಬರ್ ತಕರಾರು ತೆಗೆಯಲಿಲ್ಲ. ಸ್ವಲ್ಪ ಸುಮ್ಮನಿದ್ದು, ಸರಿ, ಹಾಗಾದರೆ ಚುಕ್ಕಾಣಿಯ ತಂತಿಯನ್ನೂ ಸೊಂಟದ ತೊಟ್ಟಿಲಿಗೇ ಕಟ್ಟೋಣ, ಸವಾರನಿಗೆ ಎರಡು ಕೆಲಸ ಬೇಡ ಎಂದರು. ರೆಕ್ಕೆ ತಿರುಚಿದಾಗಲೆಲ್ಲ ಚುಕ್ಕಾಣಿಯೂ ತಾನಾಗಿ ತಿರುಗತೊಡಗಿತು. ಬಾವಿ ತೋಡುವುದು ನಿಂತಿತು. ಕಾಫಿ ಕುಡಿದರೆ ನಿದ್ದೆ ಕೆಡುತ್ತದೆ ಎಂದು ನನ್ನ ಲೋಟಕ್ಕೆ ಅಳತೆ ಹಾಕುವವರು ಈ ಪ್ಯಾರಾ ಗಮನಿಸಬೇಕು.

ಮುಂದಿನದು ನಿಮ್ಮ ಪಾಠದಲ್ಲೇ ಇದೆ. 1903ರ ಡಿಸೆಂಬರ್ 17. ಹನ್ನೆರಡು ಅಶ್ವಶಕ್ತಿಯ ಎಂಜಿನ್, ಆರ್ವಿಲ್ ಸವಾರ, 12 ಸೆಕೆಂಡ್, 120 ಅಡಿ. ಮೂವತ್ತು ಅಡಿಗೊಂದರಂತೆ ಸಸಿ ಇಟ್ಟ ತೋಟದಲ್ಲಿ ಮೊದಲ ಮರದಿಂದ ಐದನೆಯ ಮರದವರೆಗೆ ನಡೆದರೆ ಅಷ್ಟು ದೂರ. ಅದೇ ದಿನದ ನಾಲ್ಕನೆಯ ಹಾರಾಟದಲ್ಲಿ ವಿಲ್ಬರ್ 59 ಸೆಕೆಂಡಿನಲ್ಲಿ 852 ಅಡಿ ಹೋದರು. ಅದು ಸಾಲಿನ ಇಪ್ಪತ್ತೊಂಬತ್ತನೆಯ ಮರದ ಹತ್ತಿರ. ಆಮೇಲೆ ಬೀಸಿದ ಗಾಳಿಗೆ ನಿಂತಿದ್ದ ವಿಮಾನ ಉರುಳಿ ಮುರಿಯಿತು. ಆ ವಿಮಾನ ಮತ್ತೆಂದೂ ಹಾರಲಿಲ್ಲ.

ಅಸಲು ವಿಮಾನ ಅಮೆರಿಕದ ಸ್ಮಿತ್‌ಸೋನಿಯನ್ ಸಂಗ್ರಹಾಲಯದಲ್ಲಿದೆ. ಅಷ್ಟು ದೂರ ಹೋಗಬೇಕಾಗಿಲ್ಲ. ತಿಪಟೂರಿನಲ್ಲಿ ಬೆಳಗಿನ ರೈಲು ಹತ್ತಿದರೆ ಬೆಂಗಳೂರು. ಕಬ್ಬನ್ ಪಾರ್ಕಿನ ಪಕ್ಕ, ಕಸ್ತೂರಬಾ ರಸ್ತೆಯಲ್ಲಿ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತು ಸಂಗ್ರಹಾಲಯವಿದೆ. ಅಲ್ಲಿ ಈ 1903ರ ವಿಮಾನದ ಪೂರ್ಣ ಅಳತೆಯ ಪ್ರತಿಕೃತಿಯನ್ನು ಇಟ್ಟಿದ್ದಾರೆ. ಏಳನೇ ತರಗತಿಯ ಮೊಮ್ಮಗಳನ್ನು ಕರೆದುಕೊಂಡು ಹೋಗಿದ್ದೆ. ಅವಳು ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಂದು, “ತಾತ, ಈಗಿನ ವಿಮಾನದ ರೆಕ್ಕೆ ಹಿಂದೆ ಮೇಲೆ ಕೆಳಗೆ ಆಡೋ ತುಂಡು ಇರುತ್ತಲ್ಲ, ಇದ್ರಲ್ಲಿ ಅದೇ ಇಲ್ವಲ್ಲ? ಹೆಂಗೆ ತಿರುಗಿಸ್ತಿದ್ರು?” ಎಂದಳು.

“ತುಂಡು ಇಲ್ಲ ಪುಟ್ಟಿ, ಇಡೀ ರೆಕ್ಕೆಯನ್ನೇ ತಿರುಚ್ತಿದ್ರು” ಎಂದೆ.

“ಮುರಿಯಲ್ವಾ?”

ಹೋಗುವವರು ಆ ಪ್ರಶ್ನೆ ಇಟ್ಟುಕೊಂಡೇ ತಂತಿಗಳನ್ನು ನೋಡಿ. ಯಾವ ಕಡೆ ಓರೆತಂತಿ ಇದೆ, ಯಾವ ಕಡೆ ಇಲ್ಲ ಎಂದು ಹುಡುಕಿ. ರೆಕ್ಕೆಯ ಅಗಲ ತುದಿಯಿಂದ ತುದಿಗೆ 40 ಅಡಿ 4 ಅಂಗುಲ. ನಮ್ಮ ತೋಟದ ಎರಡು ಸಾಲಿನ ನಡುವೆ ಹಿಡಿಸುವುದಿಲ್ಲ. ಇನ್ನೊಂದು ಸಂಗತಿ: ಅಸಲು ವಿಮಾನದಲ್ಲಿ ಬಲರೆಕ್ಕೆ ಎಡರೆಕ್ಕೆಗಿಂತ ನಾಲ್ಕು ಅಂಗುಲ ಉದ್ದ. ನಡುವಿನಿಂದ ಎಡಕ್ಕೆ ಸವಾರ ಮಲಗುತ್ತಿದ್ದರು, ಬಲಕ್ಕೆ ಎಂಜಿನ್ ಇತ್ತು. ಎಂಜಿನ್ ಮನುಷ್ಯನಿಗಿಂತ ಭಾರ. ಆ ಹೆಚ್ಚಿನ ಭಾರಕ್ಕೆ ನಾಲ್ಕು ಅಂಗುಲ ಹೆಚ್ಚಿನ ರೆಕ್ಕೆ. ಜಮಾ ಖರ್ಚು ಸರಿಹೋಯಿತು.

ಮುರಿಯುವುದಿಲ್ಲವೇ ಎಂಬ ಪ್ರಶ್ನೆಗೆ ಬರುತ್ತೇನೆ. 1908ರ ಆಗಸ್ಟ್ 8ರಂದು ಫ್ರಾನ್ಸಿನ ಲಮಾನ್ ಎಂಬಲ್ಲಿ ವಿಲ್ಬರ್ ಎರಡು ನಿಮಿಷಕ್ಕೂ ಕಡಿಮೆ ಹೊತ್ತು ಹಾರಿ ತೋರಿಸಿದರು. ಅಲ್ಲಿಯವರೆಗೆ ಫ್ರಾನ್ಸಿನವರು ಚುಕ್ಕಾಣಿಯೊಂದನ್ನೇ ನಂಬಿ, ಚಪ್ಪಟೆಯಾಗಿ ಜಾರುತ್ತಾ ಹೆದರಿ ಹೆದರಿ ತಿರುಗುತ್ತಿದ್ದರು. ಇವರು ಹದ್ದಿನಂತೆ ವಾಲಿ ಸಲೀಸಾಗಿ ತಿರುಗಿದ್ದನ್ನು ಕಂಡು ಅವರು ಬೆರಗಾದರು. ಒಂದೆರಡು ವರ್ಷ ಎಲ್ಲೆಲ್ಲೂ ರೆಕ್ಕೆ ತಿರುಚುವುದೇ. 1909ರಲ್ಲಿ ಇಂಗ್ಲಿಷ್ ಕಾಲುವೆ ದಾಟಿದ ಬ್ಲೇರಿಯೊ ಅವರ ವಿಮಾನವೂ ರೆಕ್ಕೆ ತಿರುಚುವಂಥದೇ. ಆದರೆ ಎಂಜಿನ್ ಬಲವಾದಂತೆ, ವೇಗ ಹೆಚ್ಚಿದಂತೆ ರೆಕ್ಕೆ ಗಟ್ಟಿಯಾಗಬೇಕಾಯಿತು. ಗಟ್ಟಿಯಾದ ರೆಕ್ಕೆ ತಿರುಚಲು ಬಗ್ಗುವುದಿಲ್ಲ. ಬಗ್ಗುವ ರೆಕ್ಕೆ ಆ ವೇಗವನ್ನು ತಡೆಯುವುದಿಲ್ಲ. ಆಗ ಮೊಮ್ಮಗಳು ಕೇಳಿದ ತುಂಡು ಬಂತು. ರೆಕ್ಕೆಯ ಹಿಂಬದಿಗೆ ಕೀಲು ಹಾಕಿ ಕೂಡಿಸಿದ ಬಾಗಿಲಿನಂಥ ಪಟ್ಟಿ. ಅದರ ಹೆಸರು ಏಲರಾನ್. ಒಂದು ಕಡೆ ಮೇಲೆ, ಇನ್ನೊಂದು ಕಡೆ ಕೆಳಗೆ. ಪರಿಣಾಮ ಅದೇ, ರೆಕ್ಕೆ ಮಾತ್ರ ಗಟ್ಟಿ.

ಇಲ್ಲಿ ಜಗಳವೂ ಹುಟ್ಟಿತು. ರೈಟ್ ಸಹೋದರರಿಗೆ 1906ರ ಮೇ 22ರಂದು ಪೇಟೆಂಟ್ ಸಿಕ್ಕಿತ್ತು. ಅವರ ಹಕ್ಕು ಎಂಜಿನ್ನಿನ ಮೇಲಲ್ಲ, ಎರಡು ಕಡೆಯ ರೆಕ್ಕೆಗೆ ಬೇರೆ ಬೇರೆ ಓರೆ ಕೊಟ್ಟು ಹತೋಟಿ ಮಾಡುವ ಕ್ರಮದ ಮೇಲೆ. ಗ್ಲೆನ್ ಕರ್ಟಿಸ್ ಎಂಬ ಇನ್ನೊಬ್ಬ ಸೈಕಲ್ ಅಂಗಡಿಯವರು, ನಾನು ರೆಕ್ಕೆ ತಿರುಚುತ್ತಿಲ್ಲ, ಏಲರಾನ್ ಹಾಕಿದ್ದೇನೆ ಎಂದು ವಿಮಾನ ಮಾರಿದರು. ದಾವೆ ನಡೆಯಿತು. ಏಲರಾನ್ ವಿಚಾರಕ್ಕೆ 1868ರಲ್ಲೇ ಇಂಗ್ಲೆಂಡಿನ ಬೋಲ್ಟನ್ ಎಂಬುವರು ಪೇಟೆಂಟ್ ಪಡೆದಿದ್ದರು, ಆದರೆ ಆಗ ಅದನ್ನು ಹಾಕಲು ವಿಮಾನವೇ ಇರಲಿಲ್ಲ! 1914ರಲ್ಲಿ ಮೇಲಿನ ನ್ಯಾಯಾಲಯ ರೈಟ್ ಪರವಾಗಿ ತೀರ್ಪು ಕೊಟ್ಟಿತು. ಅದನ್ನು ಕೇಳಲು ವಿಲ್ಬರ್ ಇರಲಿಲ್ಲ. 1912ರಲ್ಲೇ ಟೈಫಾಯ್ಡ್‌ನಿಂದ 45ನೆಯ ವಯಸ್ಸಿಗೆ ಹೋಗಿಬಿಟ್ಟಿದ್ದರು. ಕೊನೆಯ ವರ್ಷಗಳಲ್ಲಿ ಅವರು ಹಾರಿದ್ದಕ್ಕಿಂತ ವಕೀಲರ ಜೊತೆ ಕೂತದ್ದೇ ಹೆಚ್ಚು. 1917ರಲ್ಲಿ ಅಮೆರಿಕ ಯುದ್ಧಕ್ಕಿಳಿದಾಗ ಸರ್ಕಾರವೇ ಒತ್ತಾಯಿಸಿ ಎಲ್ಲರ ಪೇಟೆಂಟುಗಳನ್ನೂ ಒಂದೇ ಗುಂಪಿಗೆ ಹಾಕಿಸಿತು. ಕಷ್ಟಪಟ್ಟವರಿಗೆ ಹಣ ಸಿಗಬೇಕು, ಅದು ನ್ಯಾಯ. ಆದರೂ ಅಂಥ ತಲೆ ಕೋರ್ಟಿನ ಕಾಗದದಲ್ಲಿ ಕಳೆದುಹೋಯಿತಲ್ಲ ಎಂದು ನನಗೆ ಈಗಲೂ ಸಂಕಟ.

ಅಷ್ಟು ಹೊತ್ತಿಗೆ ರೆಕ್ಕೆ ತಿರುಚುವುದು ಹಳೆಯ ಮಾತಾಗಿತ್ತು. ನಮ್ಮ ದೇಶದ ಪೈಲಟ್‌ಗಳು ಹಾರಲು ಕಲಿತ ಟೈಗರ್ ಮಾತ್ ಕೂಡ ಬೈಪ್ಲೇನೇ. ಆದರೆ ಅದರ ರೆಕ್ಕೆ ತಿರುಚಿಕೊಳ್ಳುವುದಿಲ್ಲ. ಕೆಳಗಿನ ಎರಡು ರೆಕ್ಕೆಗೆ ಮಾತ್ರ ಏಲರಾನ್ ಇದೆ. ಅದರ ಬದಲಿಗೆಂದು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿ. ಎಂ. ಘಾಟಗೆ ಅವರ ಮುಂದಾಳುತನದಲ್ಲಿ ಎಚ್‌ಟಿ-2 ತಯಾರಾಗಿ 1951ರಲ್ಲಿ ಹಾರಿತು. ಅದಕ್ಕೆ ಒಂದೇ ಅಂತಸ್ತಿನ ರೆಕ್ಕೆ. ಅಲ್ಲೇ 2001ರ ಜನವರಿ 4ರಂದು ಮೊದಲು ಹಾರಿದ ತೇಜಸ್‌ಗೆ ಹಿಂದೆ ಅಡ್ಡಬಾಲವೇ ಇಲ್ಲ. ವಾಲಿಸುವುದು, ಮೂತಿ ಎತ್ತುವುದು ಎರಡೂ ರೆಕ್ಕೆಯ ಹಿಂಚಿನ ಪಟ್ಟಿಗಳದೇ ಕೆಲಸ.

ಡಬ್ಬಿಯ ಕಥೆ ಅಲ್ಲಿಗೂ ಮುಗಿಯಲಿಲ್ಲ. 2002ರ ನವೆಂಬರಿನಲ್ಲಿ ಅಮೆರಿಕದ ನಾಸಾ ಸಂಸ್ಥೆ ಒಂದು ಎಫ್-18 ಯುದ್ಧವಿಮಾನದ ರೆಕ್ಕೆಗಳನ್ನು ಬೇಕೆಂದೇ ಹೆಚ್ಚು ಬಳುಕುವ ಹಾಗೆ ಮಾಡಿ ಹಾರಿಸಿತು. ಅಂಚಿನ ಸಣ್ಣ ಪಟ್ಟಿಗಳು ತುಸು ಆಡಿದರೆ ಸಾಕು, ನುಗ್ಗಿ ಬರುವ ಗಾಳಿಯೇ ಇಡೀ ರೆಕ್ಕೆಯನ್ನು ತಿರುಚಬೇಕು, ಕಂಪ್ಯೂಟರ್ ಅದನ್ನು ಅಳತೆಯಲ್ಲಿಡಬೇಕು ಎಂಬುದು ಲೆಕ್ಕ. ರೈಟ್ ಸಹೋದರರ ಉಪಾಯ ಇದು ಎಂದು ನಾಸಾದವರೇ ಹೇಳಿಕೊಂಡರು. ಶಬ್ದಕ್ಕಿಂತ ಹೆಚ್ಚು ವೇಗದಲ್ಲೂ ಅದು ರೆಕ್ಕೆ ತಿರುಚಿಕೊಂಡೇ ಎಡಕ್ಕೂ ಬಲಕ್ಕೂ ವಾಲಿತು.